‘ಸರ್ವರ್ ಬ್ಯುಸಿ’ಯ ಹಿಂದೆ ಏನಿದೆ?

ಬೂಕನಕೆರೆ ಹೋಬಳಿಯಲ್ಲಿ ಇಂಗ್ಲಿಷ್ ಬಾರದವರಿಗೂ ಗೊತ್ತಿರುವ ಇಂಗ್ಲಿಷ್ ಪದ ಯಾವುದೆಂದು ಯಾರಾದರೂ ಕೇಳಿದರೆ ನಾನು ‘ಸರ್ವರ್’ ಎನ್ನುತ್ತೇನೆ. ನ್ಯಾಯಬೆಲೆ ಅಂಗಡಿಯಲ್ಲಿ ಬೆರಳು ಒತ್ತಿ ಕಾಯುವ ಅಜ್ಜಿಗೆ ಅದು ಗೊತ್ತು. ನಾಡಕಚೇರಿಯಲ್ಲಿ ಜಾತಿ, ಆದಾಯ ಪ್ರಮಾಣಪತ್ರಕ್ಕೆ ಸರದಿ ನಿಂತ ಪಿಯುಸಿ ಹುಡುಗನಿಗೆ ಗೊತ್ತು. ಪಹಣಿಗೆಂದು ಒಂದು ದಿನದ ಕೂಲಿ ಬಿಟ್ಟು ಕೆ.ಆರ್. ಪೇಟೆಯ ಬಸ್ಸು ಹತ್ತಿದವರಿಗಂತೂ ಚೆನ್ನಾಗಿ ಗೊತ್ತು. ‘ಸರ್ವರ್ ಇಲ್ಲ’, ‘ಸರ್ವರ್ ಬ್ಯುಸಿ’, ‘ಸರ್ವರ್ ಡೌನು, ನಾಳೆ ಬನ್ನಿ’. ಮಳೆ ಬರಲಿಲ್ಲ ಎನ್ನುವ ಹಾಗೆ ಹೇಳುತ್ತಾರೆ. ನಾವೂ ಹಾಗೆಯೇ ಕೇಳಿಸಿಕೊಂಡು ಮನೆಗೆ ಬರುತ್ತೇವೆ. 2023ರ ಜೂನ್ 18ರಂದು ಸೇವಾಸಿಂಧುವಿನಲ್ಲಿ ಗೃಹಜ್ಯೋತಿ ನೋಂದಣಿ ಶುರುವಾದಾಗ ಮೊದಲ ಕೆಲವು ದಿನ ಇಡೀ ರಾಜ್ಯವೇ ಈ ಮಾತನ್ನು ಕೇಳಿತು.

ಎಲ್ಲ ಸಲವೂ ಕಾರಣ ಒಂದೇ ಇರುವುದಿಲ್ಲ. ನೆಟ್‌ವರ್ಕ್ ಹೋಗಿರಬಹುದು. 2025ರ ಜನವರಿಯಲ್ಲಿ ಆಸ್ತಿ ನೋಂದಣಿಯ ಕಾವೇರಿ 2.0 ತಂತ್ರಾಂಶ ಪದೇಪದೇ ನಿಂತಾಗ ಅದು ಹೊರಗಿನಿಂದ ನಡೆದ ಡಿಡಾಸ್ ದಾಳಿ ಎಂದು ಗೊತ್ತಾಗಿ ಪೊಲೀಸರಿಗೆ ದೂರು ಹೋಯಿತು. ಆದರೆ ಬಹಳಷ್ಟು ಕಡೆ, ಅದರಲ್ಲೂ ಸಣ್ಣ ಸಂಸ್ಥೆ, ಸಣ್ಣ ವ್ಯಾಪಾರಗಳಲ್ಲಿ, ‘ಸ್ಲೋ’ ಎನ್ನುವುದರ ಮೂಲ ಡೇಟಾಬೇಸ್‌ನಲ್ಲಿ ಇರುತ್ತದೆ. ಅಲ್ಲಿಯೂ ಯಂತ್ರ ಚಿಕ್ಕದು ಎಂಬುದಕ್ಕಿಂತ, ಇರುವ ಯಂತ್ರವನ್ನು ಬಳಸಿಕೊಳ್ಳಲು ಯಾರೂ ಹೇಳಿಲ್ಲ ಎಂಬುದೇ ಹೆಚ್ಚು ಸಲ ಕಾರಣ. ಅದನ್ನು ಹೇಳುವ ಕೆಲಸಕ್ಕೆ ಟ್ಯೂನಿಂಗ್ ಎನ್ನುತ್ತಾರೆ. ನಾನೀಗ ಮಾಡುತ್ತಿರುವುದು ಅದೇ ಕೆಲಸ.

ಬಿ.ಇ. ಓದುವಾಗ ನಮಗೆ ಡಿಬಿಎಂಎಸ್ ವಿಷಯದಲ್ಲಿ ಸೆಲೆಕ್ಟ್, ಜಾಯಿನ್, ನಾರ್ಮಲ್ ಫಾರ್ಮ್ ಎಲ್ಲ ಇದ್ದವು. ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ತೆಗೆದೆವು. ಆದರೆ ಡೇಟಾಬೇಸ್ ಸರ್ವರ್‌ಗೆ ಒಂದು ಸೆಟ್ಟಿಂಗ್ಸ್ ಕಡತ ಇರುತ್ತದೆ, ಅದನ್ನು ತೆರೆದು ನೋಡಬಹುದು ಎಂಬುದು ಕೆಲಸಕ್ಕೆ ಸೇರಿದ ಮೇಲೆ ತಿಳಿಯಿತು. ಗೆಳತಿಯರು ಪೈಥಾನ್, ಕ್ಲೌಡ್, ಈಗ ಎಐ ಎಂದು ಸಾವಿರಾರು ರೂಪಾಯಿಯ ಕೋರ್ಸುಗಳಿಗೆ ಸೇರುತ್ತಿದ್ದಾರೆ. ಬೇಡವೆನ್ನುವುದಿಲ್ಲ. ಆದರೆ ಪೈಸೆ ಖರ್ಚಿಲ್ಲದೆ, ಊರಿನ ಮನೆಯಲ್ಲಿ ಹಳೇ ಲ್ಯಾಪ್‌ಟಾಪ್ ಇಟ್ಟುಕೊಂಡು ಕಲಿಯಬಹುದಾದ, ಸಂದರ್ಶನದಲ್ಲಿ ನಾಲ್ಕು ಜನರ ನಡುವೆ ಬೇರೆಯಾಗಿ ಕಾಣಿಸುವ ವಿದ್ಯೆ ಇದು ಎಂದು ನನಗೆ ಅನ್ನಿಸಿದ್ದರಿಂದ ಈ ಬರಹ.

2 ಕೋಟಿ ಪಹಣಿಯ ಲೆಕ್ಕ

ನಮ್ಮ ಕಣ್ಣೆದುರಿಗೇ ಇರುವ ದೊಡ್ಡ ಡೇಟಾಬೇಸ್ ‘ಭೂಮಿ’. ಸುಮಾರು 9 ಸಾವಿರ ಗ್ರಾಮ ಲೆಕ್ಕಿಗರ ಕೈಬರಹದ ಪುಸ್ತಕಗಳಲ್ಲಿದ್ದ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದ ಯೋಜನೆ. ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಮುಂದೆ ನಿಂತು ಮಾಡಿಸಿದರು. ಮೊದಲ ಪ್ರಯೋಗ ನಡೆದದ್ದು ನಮ್ಮ ಮಂಡ್ಯ ಜಿಲ್ಲೆಯ ಮದ್ದೂರಿನಲ್ಲಿ. ಆಮೇಲೆ 177 ತಾಲ್ಲೂಕುಗಳಿಗೂ ಹೋಯಿತು. ಏರಿಸಿದ ಪಹಣಿಗಳು ಸುಮಾರು 2 ಕೋಟಿ, ಭೂಮಾಲೀಕರು 67 ಲಕ್ಷ.

2 ಕೋಟಿ ಎಂದ ಕೂಡಲೇ ದೊಡ್ಡ ಕಟ್ಟಡ, ತಣ್ಣನೆಯ ಕೋಣೆ, ಸಾಲುಸಾಲು ಯಂತ್ರ ಎಂದೆಲ್ಲ ಅನ್ನಿಸುತ್ತದೆ. ನಿಮ್ಮ ಲ್ಯಾಪ್‌ಟಾಪಿನಲ್ಲೇ 2 ಕೋಟಿ ಸಾಲುಗಳ ಕೋಷ್ಟಕವನ್ನು ಕಟ್ಟಿ ನೋಡಬಹುದು. ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ಉಚಿತ. ಅದರ ಜೊತೆಗೇ ಪಿಜಿಬೆಂಚ್ ಎಂಬ ಪುಟ್ಟ ತಂತ್ರಾಂಶ ಬರುತ್ತದೆ. ಪರೀಕ್ಷೆಗೆಂದು ಬ್ಯಾಂಕಿನಂಥ ಖಾತೆಗಳನ್ನು ತಾನೇ ಸೃಷ್ಟಿಸಿ, ತಾನೇ ವ್ಯವಹಾರ ಮಾಡುವುದು ಅದರ ಕೆಲಸ. ಸ್ಕೇಲ್ 1 ಎಂದರೆ ಅದು 1 ಲಕ್ಷ ಖಾತೆ ಮಾಡುತ್ತದೆ. 200 ಎಂದು ಕೊಟ್ಟರೆ 2 ಕೋಟಿ. ಡಿಸ್ಕಿನಲ್ಲಿ ಹಿಡಿಯುವ ಜಾಗ ಇಂಡೆಕ್ಸ್ ಸೇರಿ ಸುಮಾರು 3 ಜಿಬಿ, ಒಂದೋ ಎರಡೋ ಸಿನಿಮಾದಷ್ಟು. ಮೊಬೈಲಿನಲ್ಲಿ ಅದಕ್ಕಿಂತ ಹೆಚ್ಚು ವಿಡಿಯೊ ಇಟ್ಟುಕೊಂಡಿದ್ದೇವೆ.

ಈಗ ಲೆಕ್ಕ ಹಾಕಿ. ಪೋಸ್ಟ್‌ಗ್ರೆಸ್ ತನ್ನ ದತ್ತಾಂಶವನ್ನು 8 ಕೆಬಿಯ ಪುಟಗಳಾಗಿ ಇಡುತ್ತದೆ. ಈ 2 ಕೋಟಿ ಸಾಲಿನ ಕೋಷ್ಟಕ ಸುಮಾರು 3.28 ಲಕ್ಷ ಪುಟ. ಆಗಾಗ ಬೇಕಾಗುವ ಪುಟಗಳನ್ನು ಡಿಸ್ಕಿನಿಂದ ತಂದು ಮೆಮೊರಿಯಲ್ಲಿ ಇಟ್ಟುಕೊಳ್ಳಲು ಅದಕ್ಕೊಂದು ಜಾಗವಿದೆ, ಹೆಸರು ಶೇರ್ಡ್ ಬಫರ್ಸ್. ಹಾಕಿಕೊಂಡಾಗ ಅದರ ಅಳತೆ 128 ಎಂಬಿ, ಅಂದರೆ 16,384 ಪುಟ. ಇಪ್ಪತ್ತರಲ್ಲಿ ಒಂದು ಪಾಲು. ನಿಮ್ಮ ಯಂತ್ರದಲ್ಲಿ 8 ಜಿಬಿ ಮೆಮೊರಿ ಇದ್ದರೂ ಅಷ್ಟೇ, 64 ಜಿಬಿ ಇದ್ದರೂ ಅಷ್ಟೇ. ಎಂಥ ಚಿಕ್ಕ ಯಂತ್ರದಲ್ಲಿ ಹಾಕಿದರೂ ಶುರುವಾಗಲಿ ಎಂದು ತಯಾರಿಸಿದವರು ಕಡಿಮೆ ಇಟ್ಟಿರುತ್ತಾರೆ. ಮಿಕ್ಕಿದ್ದನ್ನು ಹಾಕಿಕೊಂಡವರು ನೋಡಿಕೊಳ್ಳಲಿ ಎಂಬ ಭರವಸೆ. ಹಾಕಿಕೊಂಡವರು ನೋಡುವುದಿಲ್ಲ.

ಡೇಟಾಬೇಸಿಗೇ ಮೀಸಲಾದ ಯಂತ್ರದಲ್ಲಿ ಒಟ್ಟು ಮೆಮೊರಿಯ ಕಾಲು ಭಾಗವನ್ನು ಶೇರ್ಡ್ ಬಫರ್ಸ್‌ಗೆ ಕೊಟ್ಟು ಶುರುಮಾಡಿ, ಶೇ 40ಕ್ಕಿಂತ ಹೆಚ್ಚು ಕೊಟ್ಟರೆ ಲಾಭ ಸಿಗುವುದು ಅಪರೂಪ ಎಂದು ಪೋಸ್ಟ್‌ಗ್ರೆಸ್ ಕೈಪಿಡಿಯೇ ಹೇಳುತ್ತದೆ. ಯಾಕೆಂದರೆ ಉಳಿದ ಮೆಮೊರಿಯನ್ನು ಆಪರೇಟಿಂಗ್ ಸಿಸ್ಟಮ್ ಕೂಡ ಕಡತಗಳನ್ನು ಇಟ್ಟುಕೊಳ್ಳಲು ಬಳಸುತ್ತದೆ. ಮೈಎಸ್‌ಕ್ಯೂಎಲ್‌ನ ರೀತಿ ಬೇರೆ. ಅಲ್ಲಿ ಇದೇ ಕೆಲಸ ಮಾಡುವುದು ಇನ್ನೋಡಿಬಿ ಬಫರ್ ಪೂಲ್. ಅದರ ಮೊದಲ ಅಳತೆಯೂ 128 ಎಂಬಿಯೇ, ಆದರೆ ಮೀಸಲು ಯಂತ್ರವಾದರೆ ಶೇ 80ರವರೆಗೂ ಕೊಡುವುದುಂಟು ಎಂದು ಅದರ ಕೈಪಿಡಿಯಲ್ಲಿದೆ. ಒಂದರ ಸೂತ್ರವನ್ನು ಇನ್ನೊಂದಕ್ಕೆ ಹಾಕಬಾರದು ಎಂಬುದಕ್ಕೆ ಇದೇ ಸಾಕು.

ಯಾವ ಪುಟ ಮೆಮೊರಿಯಲ್ಲಿ ಇರಬೇಕು ಎಂಬ ಪ್ರಶ್ನೆ ಹಳೆಯದು. 1987ರಲ್ಲಿ ಜಿಮ್ ಗ್ರೇ ಮತ್ತು ಫ್ರಾಂಕೊ ಪುಟ್ಸೊಲು ಎಂಬಿಬ್ಬರು ಅಂದಿನ ಡಿಸ್ಕ್ ಮತ್ತು ಮೆಮೊರಿಯ ಬೆಲೆಯನ್ನು ಅಕ್ಕಪಕ್ಕ ಇಟ್ಟು ‘ಐದು ನಿಮಿಷದ ನಿಯಮ’ ಎಂದು ಬರೆದರು. ಐದು ನಿಮಿಷಕ್ಕೊಮ್ಮೆಯಾದರೂ ಬೇಕಾಗುವ ದತ್ತಾಂಶವನ್ನು ಮೆಮೊರಿಯಲ್ಲೇ ಇಟ್ಟುಕೊಳ್ಳುವುದು ಅಗ್ಗ ಎಂದು. ಗ್ರೇ ಅವರಿಗೆ 1998ರಲ್ಲಿ ಟ್ಯೂರಿಂಗ್ ಪ್ರಶಸ್ತಿ ಬಂತು. ಬೆಲೆಗಳು ಬದಲಾದ ಹಾಗೆ ನಿಮಿಷದ ಲೆಕ್ಕ ಬದಲಾಗಿದೆ, ಯೋಚನೆ ಬದಲಾಗಿಲ್ಲ. ನಮ್ಮ ಅವ್ವ ಉಪ್ಪು, ಸಾಸಿವೆ ಒಲೆ ಪಕ್ಕ ಇಟ್ಟು, ಹಬ್ಬಕ್ಕೆ ಬೇಕಾಗುವ ದೊಡ್ಡ ಹಂಡೆಯನ್ನು ಅಟ್ಟದ ಮೇಲಿಡುವುದೂ ಈ ನಿಯಮವೇ. ಅವಳಿಗೆ ಯಾರೂ ಪ್ರಶಸ್ತಿ ಕೊಟ್ಟಿಲ್ಲ ಅಷ್ಟೆ.

ಕೆಲಸಕ್ಕೆ ಸೇರಿದ ಮೇಲೆ ನೋಡಿದ ಒಂದು ಪ್ರಕರಣ ಹೇಳುತ್ತೇನೆ. ಮೈಸೂರಿನ ಒಂದು ಸಗಟು ವ್ಯಾಪಾರದ ಸಂಸ್ಥೆ. ತಿಂಗಳ ಕೊನೆಯಲ್ಲಿ ಬಾಕಿ ಪಟ್ಟಿ ತೆಗೆಯಲು ಗುಂಡಿ ಒತ್ತಿದರೆ ಲೆಕ್ಕ ಬರೆಯುವವರು ಕಾಫಿ ಕುಡಿದು ಬಂದರೂ ಪರದೆ ತಿರುಗುತ್ತಲೇ ಇರುತ್ತಿತ್ತು. ಮಾಲೀಕರು ಹೊಸ ಸರ್ವರ್ ಕೊಳ್ಳಲು ಕೊಟೇಶನ್ ತರಿಸಿಟ್ಟಿದ್ದರು. ಹೋಗಿ ನೋಡಿದರೆ ಯಂತ್ರದಲ್ಲಿ 32 ಜಿಬಿ ಮೆಮೊರಿ, ಮೈಎಸ್‌ಕ್ಯೂಎಲ್ ಬಳಸುತ್ತಿದ್ದದ್ದು 128 ಎಂಬಿ. ಹತ್ತಂಕಣದ ಮನೆ ಕಟ್ಟಿಸಿ ಜಗಲಿಯ ಮೇಲೆ ಮಲಗಿದ ಹಾಗೆ. ಈಗಿನ ಆವೃತ್ತಿಗಳಲ್ಲಿ ಬಫರ್ ಪೂಲನ್ನು ಸರ್ವರ್ ನಿಲ್ಲಿಸದೆಯೇ ಹಿಗ್ಗಿಸಬಹುದು. ಹಿಗ್ಗಿಸಿದೆವು. ಒಂದು ಇಂಡೆಕ್ಸನ್ನೂ ಸೇರಿಸಿದೆವು. ಕೊಟೇಶನ್ ಮೇಜಿನ ಖಾನೆಗೆ ಹೋಯಿತು.

ನೀವು ಕೇಳಬಹುದು, ಇಷ್ಟು ಸುಲಭವಾದರೆ ಇದನ್ನೂ ಯಂತ್ರವೇ ಮಾಡಿಕೊಳ್ಳಬಾರದೇ? ಮಾಡಿಕೊಳ್ಳುತ್ತದೆ. ಮೈಎಸ್‌ಕ್ಯೂಎಲ್ 8ರಲ್ಲಿ ‘ಈ ಯಂತ್ರ ನಿನಗೇ ಮೀಸಲು’ ಎಂದು ಒಂದು ಸಾಲು ಬರೆದರೆ ತಾನೇ ಅಳತೆ ಹಾಕಿಕೊಳ್ಳುತ್ತದೆ. ಆದರೆ ಆ ಒಂದು ಸಾಲನ್ನು ಬರೆಯುವವರು ಬೇಕು. ಅದೇ ಯಂತ್ರದಲ್ಲಿ ಬಿಲ್ಲಿಂಗ್ ತಂತ್ರಾಂಶವೂ ಓಡುತ್ತಿದೆ, ಮೀಸಲು ಎನ್ನುವಂತಿಲ್ಲ ಎಂದು ಹೇಳುವವರೂ ಬೇಕು.

ತೂಬು ದೊಡ್ಡದು ಮಾಡಿದರೆ?

ಮೆಮೊರಿ ಹಂಚುವುದು ಬರೀ ಒಂದು ಸಂಖ್ಯೆಯಿಂದ ಮುಗಿಯುವುದಿಲ್ಲ. ಪೋಸ್ಟ್‌ಗ್ರೆಸ್‌ನಲ್ಲಿ ವರ್ಕ್ ಮೆಮ್ ಎಂಬ ಇನ್ನೊಂದು ಸೆಟ್ಟಿಂಗ್ ಇದೆ. ಪಟ್ಟಿಯನ್ನು ಅಕಾರಾದಿಯಾಗಿ ಜೋಡಿಸುವಂಥ ಕೆಲಸಗಳಿಗೆ ಕೊಡುವ ಜಾಗ. ಮೊದಲಿಗೆ 4 ಎಂಬಿ. ಕೆಲಸ ಅದರೊಳಗೆ ಹಿಡಿಯದಿದ್ದರೆ ಡಿಸ್ಕಿನಲ್ಲಿ ತಾತ್ಕಾಲಿಕ ಕಡತ ಮಾಡಿಕೊಂಡು ತೆವಳುತ್ತದೆ. ‘ಹಾಗಾದರೆ 256 ಎಂಬಿ ಕೊಡೋಣ’ ಎನ್ನುವವರು ಬಹಳ. ಇದು ಇಡೀ ಸರ್ವರ್‌ಗೆ ಒಂದು ಎಂದಲ್ಲ. ಪ್ರತಿಯೊಂದು ಸಂಪರ್ಕಕ್ಕೆ, ಅದರೊಳಗೂ ಪ್ರತಿಯೊಂದು ಜೋಡಣೆಗೆ ಬೇರೆ ಬೇರೆ. 100 ಜನ ಒಟ್ಟಿಗೆ ಬಂದು ತಲಾ ಒಂದೊಂದು ಪಟ್ಟಿ ಕೇಳಿದರೂ 256 ಎಂಬಿಯ ಲೆಕ್ಕದಲ್ಲಿ 25 ಜಿಬಿ. ನಿಮ್ಮ ಯಂತ್ರದಲ್ಲಿ ಇರುವುದು 8. ಆಗ ಲಿನಕ್ಸ್ ತನ್ನನ್ನು ಉಳಿಸಿಕೊಳ್ಳಲು ಯಾವುದಾದರೊಂದು ಪ್ರಕ್ರಿಯೆಯನ್ನು ಕೊಲ್ಲುತ್ತದೆ. ಹೆಚ್ಚಿನ ಸಲ ಬಲಿ ಬೀಳುವುದು ಡೇಟಾಬೇಸೇ. ಬೆಳಗ್ಗೆ ಪರೀಕ್ಷೆ ಮಾಡಿದಾಗ ಸೊಗಸಾಗಿ ಓಡಿ, ಜನ ಸೇರಿದ ಹೊತ್ತಿಗೆ ಸತ್ತುಹೋಗುವ ಸರ್ವರ್‌ಗಳ ಕಥೆ ಇದು. ದೊಡ್ಡ ಪಟ್ಟಿ ತೆಗೆಯುವ ಒಂದು ಸಂಪರ್ಕಕ್ಕೆ ಮಾತ್ರ, ಆ ಹೊತ್ತಿಗೆ ಮಾತ್ರ, ಈ ಜಾಗವನ್ನು ಹೆಚ್ಚಿಸುವ ದಾರಿಯೂ ಇದೆ. ಅದನ್ನು ಬಳಸುವವರು ಕಡಿಮೆ.

ಸಂಪರ್ಕಗಳ ಮಿತಿಯದೂ ಇದೇ ಕಥೆ. ಏಕಕಾಲಕ್ಕೆ ಎಷ್ಟು ಜನ ಒಳಗೆ ಬರಬಹುದು ಎಂಬುದು ಮ್ಯಾಕ್ಸ್ ಕನೆಕ್ಷನ್ಸ್. ಪೋಸ್ಟ್‌ಗ್ರೆಸ್‌ನಲ್ಲಿ 100, ಮೈಎಸ್‌ಕ್ಯೂಎಲ್‌ನಲ್ಲಿ 151. ‘ಟೂ ಮೆನಿ ಕನೆಕ್ಷನ್ಸ್’ ಎಂದು ದೂರು ಬಂದ ಕೂಡಲೇ ಅದನ್ನು 1000 ಮಾಡಿ ಕೈತೊಳೆದುಕೊಳ್ಳುವುದು ಸಾಮಾನ್ಯ. ದೂರು ನಿಲ್ಲುತ್ತದೆ, ಸರ್ವರ್ ಇನ್ನೂ ನಿಧಾನವಾಗುತ್ತದೆ.

ಇದೇಕೆ ಹೀಗೆ ಎಂದು ಒಮ್ಮೆ ಊರಿಗೆ ಹೋದಾಗ ಅಪ್ಪನಿಗೆ ವಿವರಿಸಲು ಕೂತೆ. ನನ್ನ ಕೆಲಸವೇನು ಎಂದು ಅವರು ಕೇಳಿ ಬಹಳ ದಿನವಾಗಿತ್ತು. ಐದು ನಿಮಿಷ ಕೇಳಿಸಿಕೊಂಡು ಹೇಳಿದರು: ‘ಅಲ್ಲ ಕಣವ್ವ, ತೂಬು ದೊಡ್ಡದ್ ಮಾಡ್ಬುಟ್ರೆ ಕೆರೇಲಿ ನೀರು ಜಾಸ್ತಿ ಆಯ್ತದಾ?’

ಆಗುವುದಿಲ್ಲ. ಕನ್ನಂಬಾಡಿ ಕಟ್ಟೆ ತುಂಬಿದರೆ 124.80 ಅಡಿ, ಅದರ ಮೇಲೆ ಎಷ್ಟು ಗೇಟು ತೆರೆದರೂ ಒಳಗಿರುವ ನೀರು ಅಷ್ಟೇ. ನಾಲ್ಕು ಕೋರ್ ಇರುವ ಪ್ರೊಸೆಸರ್ ಒಂದು ಕ್ಷಣಕ್ಕೆ ನಿಜವಾಗಿ ಮಾಡುವುದು ನಾಲ್ಕೇ ಕೆಲಸ. ಪೋಸ್ಟ್‌ಗ್ರೆಸ್‌ನಲ್ಲಿ ಒಂದೊಂದು ಸಂಪರ್ಕವೂ ಒಂದೊಂದು ಪ್ರತ್ಯೇಕ ಪ್ರಕ್ರಿಯೆ. 1000 ಜನರನ್ನು ಒಳಗೆ ಬಿಟ್ಟರೆ ಅವರನ್ನು ಸರದಿ ಬದಲಾಯಿಸುವುದಕ್ಕೇ ಪ್ರೊಸೆಸರಿನ ಹೊತ್ತು ಹೋಗುತ್ತದೆ. ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು ನಾಲ್ವರೇ ಇರುವಾಗ ಬಾಗಿಲು ಅಗಲ ಮಾಡಿ ಎಲ್ಲರನ್ನೂ ಮೇಜಿನ ಹತ್ತಿರ ಬಿಟ್ಟರೆ ಪಹಣಿ ಬೇಗ ಬರುತ್ತದೆಯೇ?

ಹಳೇ ಮೈಸೂರಿನ ಕೆರೆಗಳಿಗೆ ನೀರುಗಂಟಿ ಇರುತ್ತಿದ್ದರು. ಯಾರ ಗದ್ದೆಗೆ ಯಾವಾಗ, ಎಷ್ಟು ಹೊತ್ತು ಎಂದು ನೋಡಿ ತೂಬು ಎತ್ತುವವರು, ಇಳಿಸುವವರು. ಕಾಲುವೆಯ ಕೊನೇ ಭಾಗದ ಗದ್ದೆಗೂ ನೀರು ಮುಟ್ಟಬೇಕಾದರೆ ಮೊದಲಿನವನು ತನ್ನ ಮಡೆಯನ್ನು ಹೊತ್ತಿಗೆ ಸರಿಯಾಗಿ ಕಟ್ಟಬೇಕು. ಡೇಟಾಬೇಸಿನ ಮುಂದೆ ಆ ಕೆಲಸ ಮಾಡುವ ತಂತ್ರಾಂಶಕ್ಕೆ ಕನೆಕ್ಷನ್ ಪೂಲರ್ ಎಂದು ಹೆಸರು. ಪೋಸ್ಟ್‌ಗ್ರೆಸ್‌ಗೆ ಪಿಜಿಬೌನ್ಸರ್ ಎಂಬುದು ಹೆಚ್ಚು ಬಳಕೆಯಲ್ಲಿದೆ. ಹೊರಗೆ ಸಾವಿರ ಜನ ನಿಂತಿದ್ದರೂ ಒಳಗೆ ಕೆಲವೇ ಸಂಪರ್ಕಗಳನ್ನು ಇಟ್ಟುಕೊಂಡು, ಒಬ್ಬರ ಕೆಲಸ ಮುಗಿದ ಕೂಡಲೇ ಮುಂದಿನವರಿಗೆ ದಾಟಿಸುತ್ತದೆ.

ಸೆಟ್ಟಿಂಗ್ ತಲುಪದ ಜಾಗ

ಇಷ್ಟೆಲ್ಲ ಹೇಳಿದ ಮೇಲೆ ಒಂದು ಮಾತು. ಕೆಟ್ಟದಾಗಿ ಬರೆದ ಪ್ರಶ್ನೆಯನ್ನು ಯಾವ ಸೆಟ್ಟಿಂಗೂ ಉಳಿಸಲಾರದು. ಆದ್ದರಿಂದ ಟ್ಯೂನಿಂಗ್ ಎಂದರೆ ಮೊದಲು ಕಡತ ತೆರೆದು ಸಂಖ್ಯೆ ಬದಲಿಸುವುದು ಎಂದುಕೊಳ್ಳಬೇಡಿ. ಮೊದಲು ಎಲ್ಲಿ ಹೊತ್ತು ಹೋಗುತ್ತಿದೆ ಎಂದು ನೋಡಬೇಕು. ಮೈಎಸ್‌ಕ್ಯೂಎಲ್‌ನಲ್ಲಿ ನಿಧಾನದ ಪ್ರಶ್ನೆಗಳನ್ನು ಬರೆದಿಡುವ ಸ್ಲೋ ಕ್ವೆರಿ ಲಾಗ್ ಇದೆ. ಅದನ್ನು ನಾವೇ ಚಾಲೂ ಮಾಡಬೇಕು, ಮಾಡಿದರೂ 10 ಸೆಕೆಂಡಿಗಿಂತ ಹೆಚ್ಚು ಹಿಡಿದದ್ದನ್ನು ಮಾತ್ರ ಬರೆಯುತ್ತದೆ. ಕೌಂಟರಿನ ಮುಂದೆ ನಿಂತವರಿಗೆ 10 ಸೆಕೆಂಡು ಬಹಳವಾಯಿತು, 1ಕ್ಕೆ ಇಳಿಸಿ. ಪೋಸ್ಟ್‌ಗ್ರೆಸ್‌ನಲ್ಲಿ ಪಿಜಿ ಸ್ಟ್ಯಾಟ್ ಸ್ಟೇಟ್‌ಮೆಂಟ್ಸ್ ಎಂಬ ವಿಸ್ತರಣೆ ಯಾವ ಪ್ರಶ್ನೆ ಎಷ್ಟು ಸಲ ಬಂತು, ಒಟ್ಟು ಎಷ್ಟು ಹೊತ್ತು ತಿಂದಿತು ಎಂದು ಪಟ್ಟಿ ಕೊಡುತ್ತದೆ. ಹೆಚ್ಚು ನೋವು ಕೊಡುತ್ತಿರುವುದು ಯಾವಾಗಲೂ ಹತ್ತು ಸೆಕೆಂಡಿನ ಒಂದು ಪ್ರಶ್ನೆಯಲ್ಲ. ದಿನಕ್ಕೆ ಲಕ್ಷ ಸಲ ಬರುವ ಅರೆ ಸೆಕೆಂಡಿನದ್ದೂ ಇರಬಹುದು.

ಆಮೇಲೆ ಎಕ್ಸ್‌ಪ್ಲೇನ್ ಅನಲೈಸ್. ಪ್ರಶ್ನೆಯ ಹಿಂದೆ ಈ ಎರಡು ಪದ ಸೇರಿಸಿದರೆ ಡೇಟಾಬೇಸ್ ತಾನು ಉತ್ತರ ಹುಡುಕಿದ ದಾರಿಯನ್ನೇ ಹೇಳುತ್ತದೆ. ಹೊಸಬರಿಗೆ ಅದು ಮೊದಲಿಗೆ ಜಾತಕದ ಹಾಗೆ ಕಾಣುತ್ತದೆ, ವಾರ ಕೂತರೆ ಓದಲು ಬರುತ್ತದೆ.

ಪಹಣಿಯ ಉದಾಹರಣೆಯನ್ನೇ ತೆಗೆದುಕೊಳ್ಳಿ. ಆನ್‌ಲೈನಿನಲ್ಲಿ ಪಹಣಿ ನೋಡಲು ಹೋದರೆ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್, ಹಿಸ್ಸಾ ಎಂದು ಒಂದರ ನಂತರ ಒಂದು ಕೇಳುತ್ತದೆ. ಮಂಡ್ಯ, ಕೃಷ್ಣರಾಜಪೇಟೆ, ಬೂಕನಕೆರೆ ಎಂದು ಇಳಿಯುತ್ತಾ ಹೋಗುತ್ತೇವೆ. ಮನೆಯಲ್ಲಿ ನೀವು ಕಟ್ಟುವ ಕೋಷ್ಟಕಕ್ಕೆ ಇದೇ ಅನುಕ್ರಮದಲ್ಲಿ ಇಂಡೆಕ್ಸ್ ಹಾಕಿ ನೋಡಿ. 2 ಕೋಟಿಯಲ್ಲಿ ಒಂದು ಪಹಣಿ ಹುಡುಕಲು ಇಂಡೆಕ್ಸಿನ ನಾಲ್ಕಾರು ಪುಟ ತಿರುವಿದರೆ ಸಾಕು. ಇಂಡೆಕ್ಸ್ ಇಲ್ಲದಿದ್ದರೆ ಲಕ್ಷಗಟ್ಟಲೆ ಪುಟವನ್ನೂ ಮೊದಲಿನಿಂದ ಕೊನೆಯವರೆಗೆ ಓದಬೇಕು. ಈಗ ಅದೇ ಕೋಷ್ಟಕದಲ್ಲಿ ‘ಈ ಹೆಸರಿನವರ ಜಮೀನು ಎಲ್ಲೆಲ್ಲಿದೆ?’ ಎಂದು ಕೇಳಿ. ಜಿಲ್ಲೆಯಿಂದ ಶುರುವಾಗುವ ಇಂಡೆಕ್ಸ್ ಇಲ್ಲಿ ಕೆಲಸಕ್ಕೆ ಬಾರದು. ಊರು ಗೊತ್ತಿಲ್ಲದೆ ಬರೀ ಹೆಸರು ಹಿಡಿದುಕೊಂಡು ಸಂತೆಯಲ್ಲಿ ಹುಡುಕಿದ ಹಾಗಾಗುತ್ತದೆ. ಅದಕ್ಕೆ ಬೇರೆಯೇ ಇಂಡೆಕ್ಸ್ ಬೇಕು.

ಆ ಹೆಸರು ಕನ್ನಡದಲ್ಲಿದ್ದರೆ ಇಂಗ್ಲಿಷಿನ ಪಾಠಗಳು ಹೇಳಿಕೊಡದ ಎರಡು ವಿಷಯ ಎದುರಾಗುತ್ತವೆ. ಒಂದು, ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್. ಊರಿನ ಹೆಸರನ್ನು ಇಂಗ್ಲಿಷಿನಲ್ಲಿ ಬರೆದರೆ 11 ಬೈಟ್. ‘ಬೂಕನಕೆರೆ’ ಎಂದು ಬರೆದರೆ, ಕೊಂಬು, ಎತ್ವಗಳನ್ನೂ ಎಣಿಸಿ 8 ಸಂಕೇತ, 24 ಬೈಟ್. ಇಂಗ್ಲಿಷ್ ಹೆಸರುಗಳ ಮೇಲೆ ಹಾಕಿದ ಮೆಮೊರಿಯ ಅಂದಾಜು ಇಲ್ಲಿ ಸಾಲುವುದಿಲ್ಲ. ಎರಡು, ‘ಬೂ’ ಇಂದ ಶುರುವಾಗುವ ಊರುಗಳು ಎಂದು ಲೈಕ್ ಬಳಸಿ ಹುಡುಕಿದರೆ, ಭಾಷೆಗೆ ತಕ್ಕ ಅಕಾರಾದಿಯನ್ನು ಆರಿಸಿಕೊಂಡ ಪೋಸ್ಟ್‌ಗ್ರೆಸ್ ಡೇಟಾಬೇಸ್ ಸಾಮಾನ್ಯ ಇಂಡೆಕ್ಸನ್ನು ಬಳಸುವುದೇ ಇಲ್ಲ. ಟೆಕ್ಸ್ಟ್ ಪ್ಯಾಟರ್ನ್ ಆಪ್ಸ್ ಎಂದು ಸೇರಿಸಿ ಬೇರೆ ಇಂಡೆಕ್ಸ್ ಮಾಡಬೇಕು. ಕನ್ನಡದಲ್ಲಿ ದತ್ತಾಂಶ ಇಡುವ ಕಚೇರಿ, ಪ್ರಕಾಶನ, ಸಹಕಾರ ಸಂಘ ನಮ್ಮಲ್ಲಿ ಎಷ್ಟಿಲ್ಲ! ಈ ಎರಡು ವಿಷಯ ಗೊತ್ತಿರುವ ಹುಡುಗ, ಹುಡುಗಿ ಅವರಿಗೆ ಬೇಕೇಬೇಕು.

ಯಾವ ದಾರಿಯಲ್ಲಿ ಹುಡುಕಬೇಕೆಂದು ನಿರ್ಧರಿಸುವ ಭಾಗಕ್ಕೆ ಆಪ್ಟಿಮೈಸರ್ ಎನ್ನುತ್ತಾರೆ. ಇದರ ಬಗ್ಗೆ ಜಗತ್ತು ಗಮನಿಸಿದ ಕೆಲಸ ನಡೆದದ್ದು ನಮ್ಮ ಬೆಂಗಳೂರಿನಲ್ಲೇ, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ. ಪ್ರೊ. ಜಯಂತ್ ಹರಿತ್ಸ ಅವರ ಪ್ರಯೋಗಾಲಯ ದೊಡ್ಡ ದೊಡ್ಡ ಡೇಟಾಬೇಸ್‌ಗಳಿಗೆ ಒಂದೇ ಬಗೆಯ ಪ್ರಶ್ನೆಯನ್ನು ಸ್ವಲ್ಪ ಸ್ವಲ್ಪ ಬದಲಿಸಿ ಕೇಳಿ, ಯಾವಾಗ ಯಾವ ದಾರಿ ಹಿಡಿಯುತ್ತದೆ ಎಂದು ಬಣ್ಣದ ನಕ್ಷೆ ಮಾಡಿತು. ಒಂದೇ ಪ್ರಶ್ನೆಗೆ ಹತ್ತಾರು ದಾರಿಗಳು, ಚೂರುಚೂರಾದ ಬಣ್ಣಗಳು. ನಕ್ಷೆಗಳು ಕ್ಯೂಬಿಸ್ಟ್ ಚಿತ್ರಗಳಂತೆ ಕಂಡದ್ದರಿಂದ ಆ ತಂತ್ರಾಂಶಕ್ಕೆ ‘ಪಿಕಾಸೊ’ ಎಂದೇ ಹೆಸರಿಟ್ಟರು. ಹರಿತ್ಸ ಅವರಿಗೆ 2014ರಲ್ಲಿ ಇನ್ಫೊಸಿಸ್ ಪ್ರಶಸ್ತಿ ಬಂತು. ಬೂಕನಕೆರೆಯಿಂದ ಬಸ್ಸಿನಲ್ಲಿ ಹೋಗಿ ಬರುವಷ್ಟು ದೂರದಲ್ಲಿ ಇದೆಲ್ಲ ಆಗಿದೆ, ನಮ್ಮ ಡಿಬಿಎಂಎಸ್ ತರಗತಿಯಲ್ಲಿ ಒಂದು ಸಲವೂ ಅವರ ಹೆಸರು ಬರಲಿಲ್ಲ ಎಂಬುದು ನನಗೆ ಇಂದಿಗೂ ಬೇಸರ.

ಆಪ್ಟಿಮೈಸರ್ ನಡೆಯುವುದು ಅಂದಾಜಿನ ಮೇಲೆ. ಅಂದಾಜು ಹಳತಾದರೆ ದಾರಿ ತಪ್ಪುತ್ತದೆ. ಪೋಸ್ಟ್‌ಗ್ರೆಸ್ ಒಂದು ಕೋಷ್ಟಕದ ಶೇ 10ರಷ್ಟು ಸಾಲು ಬದಲಾದಾಗ ಅಂದಾಜನ್ನು ಹೊಸದಾಗಿಸುತ್ತದೆ, ಶೇ 20ರಷ್ಟು ಸಾಲು ಹಳತಾದಾಗ ಗುಡಿಸಿ ಜಾಗ ಬಿಡಿಸುತ್ತದೆ. ಸಾವಿರ ಸಾಲಿನ ಕೋಷ್ಟಕಕ್ಕೆ ಇದು ಸರಿ. 2 ಕೋಟಿಗೆ ಶೇ 20 ಎಂದರೆ 40 ಲಕ್ಷ ಸಾಲಿನ ಕಸ ಸೇರುವವರೆಗೆ ಪೊರಕೆ ಮುಟ್ಟುವುದಿಲ್ಲ. ದೊಡ್ಡ ಕೋಷ್ಟಕಕ್ಕೆ ಮಾತ್ರ ಶೇ 1 ಎಂದು ಬೇರೆಯಾಗಿ ಹೇಳಿದರೆ 2 ಲಕ್ಷಕ್ಕೇ ಗುಡಿಸುತ್ತದೆ. ಹಾಗೆಯೇ ರ‍್ಯಾಂಡಮ್ ಪೇಜ್ ಕಾಸ್ಟ್ ಎಂಬುದು 4 ಎಂದಿರುತ್ತದೆ, ತಿರುಗುವ ಹಳೇ ಡಿಸ್ಕಿನ ಕಾಲದ ಲೆಕ್ಕ. ಎಸ್‌ಎಸ್‌ಡಿ ಇದ್ದವರು 1.1ಕ್ಕೆ ಇಳಿಸಿ, ಎಕ್ಸ್‌ಪ್ಲೇನ್ ತೋರಿಸುವ ದಾರಿ ಬದಲಾಯಿತೇ ಎಂದು ನೋಡುವುದು ರೂಢಿ. ಒಂದು ಸಲಕ್ಕೆ ಒಂದೇ ಸೆಟ್ಟಿಂಗ್ ಬದಲಿಸಿ, ಹಿಂದಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ನಾಲ್ಕನ್ನು ಒಟ್ಟಿಗೆ ಬದಲಿಸಿದರೆ ವೇಗ ಬಂದರೂ ಯಾವುದರಿಂದ ಬಂತೆಂದು ತಿಳಿಯದು.

ಮುಟ್ಟಬಾರದ ಸಾಲು

ಎಲ್ಲ ಸೆಟ್ಟಿಂಗುಗಳ ನಡುವೆ ಒಂದು ಸಾಲಿದೆ. ಅದನ್ನು ಮುಚ್ಚಿದರೆ ಬರೆಯುವ ವೇಗ ಕಣ್ಣಿಗೆ ಕಾಣುವಷ್ಟು ಏರುತ್ತದೆ. ಹೆಸರು ಎಫ್‌ಸಿಂಕ್. ಖಾತೆ ಬದಲಾವಣೆ ಆಯಿತು ಎಂದು ಹೇಳುವ ಮೊದಲು ಆ ವಿವರ ನಿಜವಾಗಿ ಡಿಸ್ಕಿಗೆ ತಲುಪಿತೇ ಎಂದು ಕಾಯುವುದು ಅದರ ಕೆಲಸ. ಕಾಯುವುದರಿಂದಲೇ ನಿಧಾನ. ಮುಚ್ಚಿದರೆ ಕಾಯುವುದಿಲ್ಲ. ಅದೇ ಹೊತ್ತಿಗೆ ಕರೆಂಟು ಹೋದರೆ, ಕೊನೆಯ ಒಂದೆರಡು ವ್ಯವಹಾರ ಹೋಗುವುದಿರಲಿ, ಇಡೀ ಡೇಟಾಬೇಸೇ ಒಡೆದುಹೋಗಬಹುದು. ಅಂತರ್ಜಾಲದಲ್ಲಿ ‘ವೇಗ ಹೆಚ್ಚಿಸುವ ಐದು ಸೂತ್ರ’ ಎಂದು ಬರೆಯುವವರು ಕೆಲವೊಮ್ಮೆ ಇದನ್ನೂ ಸೇರಿಸುತ್ತಾರೆ. ನನ್ನ ಪ್ರಕಾರ ಅದು ಟ್ಯೂನಿಂಗ್ ಅಲ್ಲ, ಏರಿ ಒಡೆದು ನೀರು ಬೇಗ ಬಿಟ್ಟ ಹಾಗೆ.

ಇದಕ್ಕಿಂತ ಮೆದುವಾದ ದಾರಿಗಳಿವೆ. ಪೋಸ್ಟ್‌ಗ್ರೆಸ್‌ನ ಸಿಂಕ್ರೊನಸ್ ಕಮಿಟ್ ಮುಚ್ಚಿದರೆ ಡೇಟಾಬೇಸ್ ಒಡೆಯುವುದಿಲ್ಲ, ಕೊನೆಯ ಅರ್ಧ ಸೆಕೆಂಡಿನ ಆಸುಪಾಸಿನ ವ್ಯವಹಾರಗಳು ಹೋಗಬಹುದು. ಮೈಎಸ್‌ಕ್ಯೂಎಲ್‌ನಲ್ಲಿ ಇನ್ನೋಡಿಬಿ ಲಾಗ್ ಫ್ಲಶ್ ಸೆಟ್ಟಿಂಗನ್ನು 1ರಿಂದ 2 ಮಾಡಿದರೆ, ಕರೆಂಟು ಹೋದಾಗ ಸುಮಾರು ಒಂದು ಸೆಕೆಂಡಿನಷ್ಟು ಹೋಗಬಹುದು. ಯಾರು ಯಾವ ಪುಟ ನೋಡಿದರು ಎಂದು ಎಣಿಸುವ ಕೋಷ್ಟಕವಾದರೆ ಹೋದರೆ ಹೋಗಲಿ. ಆ ಸೆಕೆಂಡಿನಲ್ಲಿ ಒಬ್ಬರ ಜಮೀನಿನ ಖಾತೆ ಬದಲಾಗಿದ್ದರೆ, ಡೇರಿಯಲ್ಲಿ ಒಬ್ಬರ ಹಾಲಿನ ಹಣ ಜಮೆಯಾಗಿದ್ದರೆ? ಅವರ ಕೈಯಲ್ಲಿ ‘ಆಯಿತು’ ಎಂಬ ಚೀಟಿ ಇದೆ, ಸರ್ವರ್‌ನಲ್ಲಿ ಇಲ್ಲ. ಇಂಥ ನಿರ್ಧಾರವನ್ನು ಟ್ಯೂನಿಂಗ್ ಮಾಡುವವರು ಒಬ್ಬರೇ ಕೂತು ತೆಗೆದುಕೊಳ್ಳಬಾರದು. ಆ ದತ್ತಾಂಶ ಯಾರದೋ ಅವರನ್ನು ಕೇಳಬೇಕು, ಬರೆದು ಸಹಿ ಹಾಕಿಸಿಕೊಳ್ಳಬೇಕು. ಸಂದರ್ಶನದಲ್ಲಿ ನನಗೆ ಕೇಳಿದ್ದೂ ಇದನ್ನೇ. ಬರೆಯುವ ವೇಗ ಎರಡು ಪಟ್ಟು ಮಾಡಿ ಎಂದರೆ ಏನು ಮಾಡುತ್ತೀರಿ ಎಂದರು. ಯಾವ ಕೋಷ್ಟಕಕ್ಕೆ ಎಂದು ಮರುಪ್ರಶ್ನೆ ಹಾಕಿದೆ. ಅಲ್ಲಿಂದ ಮುಂದೆ ಅರ್ಧ ಗಂಟೆ ಮಾತಾಡಿದೆವು, ಸರ್ಟಿಫಿಕೇಟು ಯಾರೂ ಕೇಳಲಿಲ್ಲ.

ಇದನ್ನು ಓದಿ ನಂಬುವುದಕ್ಕಿಂತ ಮಾಡಿ ನೋಡುವುದು ಒಳ್ಳೆಯದು. ಬ್ಯಾಟರಿ ಸತ್ತ, ಒಳಗೆ ನಿಮಗೆ ಬೇಕಾದದ್ದೇನೂ ಇಲ್ಲದ ಹಳೇ ಲ್ಯಾಪ್‌ಟಾಪ್ ತೆಗೆದುಕೊಳ್ಳಿ. ಪಿಜಿಬೆಂಚ್‌ನಲ್ಲಿ 200ರ ಸ್ಕೇಲಿನಲ್ಲಿ ತುಂಬಿ ವ್ಯವಹಾರ ಓಡಲು ಬಿಡಿ. ಪ್ರತಿ ವ್ಯವಹಾರದಲ್ಲೂ ಅದು ಒಂದೇ ಮೊತ್ತವನ್ನು ಖಾತೆಗೆ, ಕ್ಯಾಷಿಯರಿಗೆ, ಶಾಖೆಗೆ ಮೂರೂ ಕಡೆ ಸೇರಿಸುತ್ತದೆ. ನಡುವೆ ಪ್ಲಗ್ ಕಿತ್ತುಬಿಡಿ. ನಮ್ಮೂರಲ್ಲಾದರೆ ಕೀಳುವ ಶ್ರಮವೂ ಬೇಡ, ಸ್ವಲ್ಪ ಕಾದರೆ ಕರೆಂಟೇ ಹೋಗುತ್ತದೆ. ಮತ್ತೆ ಚಾಲೂ ಮಾಡಿ ಲಾಗ್ ಕಡತ ತೆರೆಯಿರಿ. ಡೇಟಾಬೇಸನ್ನು ಸರಿಯಾಗಿ ಮುಚ್ಚಿರಲಿಲ್ಲ, ತಾನೇ ಚೇತರಿಸಿಕೊಳ್ಳುತ್ತಿದೆ ಎಂಬ ಸಾಲು ಇರುತ್ತದೆ. ಅದರ ಕೆಳಗೆ ಬರೆದಿಟ್ಟ ವ್ಯವಹಾರಗಳನ್ನು ಮತ್ತೆ ಮಾಡಿದ್ದು, ಕೊನೆಗೆ ಸಂಪರ್ಕಕ್ಕೆ ಸಿದ್ಧ ಎಂಬ ಸಾಲು. ಈಗ ಖಾತೆಗಳ ಒಟ್ಟು ಮೊತ್ತ, ಕ್ಯಾಷಿಯರುಗಳ ಒಟ್ಟು ಮೊತ್ತ, ಶಾಖೆಗಳ ಒಟ್ಟು ಮೊತ್ತ ತೆಗೆಯಿರಿ. ಮೂರೂ ಒಂದೇ ಇರಬೇಕು. ಆಮೇಲೆ ಎಫ್‌ಸಿಂಕ್ ಮುಚ್ಚಿ ಇದನ್ನೇ ನಾಲ್ಕೈದು ಸಲ ಮಾಡಿ, ಪ್ರತಿ ಸಲವೂ ಆ ಮೂರು ಮೊತ್ತ ಬರೆದಿಟ್ಟುಕೊಳ್ಳಿ.